ಉಡಿಯಲ್ಲಿ ಹಾಕಿದ ಕೂಸು

ಗೋಗಿ, 17 ಅಕ್ಟೋಬರ್ 1989

ಅಮೃತಕ್ಕನಿಗೆ ತಂಗಿ ದೇವಕಮ್ಮನ ನಮಸ್ಕಾರ.

ಊರು ಮುಟ್ಟಿದೆವು. ಕೊಡಂಗಲ್ ದಾಟಿದ ಮೇಲೆ ಬಸ್ಸಿನ ಟೈರು ಒಡೆದು ಎಲ್ಲರೂ ಹುಣಸೆ ಮರದ ಕೆಳಗೆ ಕೂತೆವು. ಯಾದಗಿರಿಯಲ್ಲಿ ಶಹಾಪುರದ ಬಸ್ಸು ತಪ್ಪಿತು. ಗೋಗಿಗೆ ಬಂದು ಬೀಗ ತೆಗೆಯುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಆದರೂ ಅಕ್ಕಾ, ಹೈದರಾಬಾದಿನಲ್ಲಿ ಕಳೆದ ದಸರಾ ರಜೆ ನಮ್ಮ ಮನೆಯಲ್ಲಿ ಇನ್ನೊಂದು ವರ್ಷದ ಮಾತಿಗೆ ಸಾಕು. ಅಯ್ಯಪ್ಪ ಓಣಿಯ ಹುಡುಗರನ್ನೆಲ್ಲ ಕೂರಿಸಿಕೊಂಡು, "ಅಲ್ಲಿ ಝೂದಾಗ ಹುಲಿಗಿ ಕಟ್ಟಿದ ಮನಿ ನಮ್ಮ ಮನಿಗಿಂತ ಛಲೋ ಅದ" ಎಂದು ಹೇಳುತ್ತಿದ್ದಾನೆ. ಅವರಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದಾಗಿನಿಂದ ಇವರು ಮಾತೇ ಕಡಿಮೆ ಮಾಡಿದ್ದಾರೆ. ದಣಿವಿರಬೇಕು.

ನಿನಗೆ ಮಾತ್ರ ಸಿಟ್ಟು ಬಂದಿದೆ, ಅದು ನನಗೆ ಗೊತ್ತು. ಅದಕ್ಕೇ ಬೇಗ ಬರೆಯುತ್ತಿದ್ದೇನೆ. ಕೊನೆಯ ದಿನ ಮಧ್ಯಾಹ್ನದವರೆಗೆ ಎಲ್ಲಾ ನೆಟ್ಟಗಿತ್ತು. ಮುಂಜಾನೆ ಚಾರ್‌ಮಿನಾರಿನ ಬಳೆ ಓಣಿಗೆ ನೀನೇ ಕರೆದುಕೊಂಡು ಹೋಗಿ ನಮ್ಮ ಸಣ್ಣಾಕೆ ಮಾಳಮ್ಮನಿಗೆ ಮೊಣಕೈ ತನಕ ಬಳೆ ಇಡಿಸಿದೆ. ದೊಡ್ಡವಳು ಸುಂದ್ರಮ್ಮನಿಗೆ ಎರಡೆರಡು ಅಷ್ಟೇ. ಅವಳು ಮುಖ ಊದಿಸಿಕೊಂಡದ್ದನ್ನು ನೀನು ನೋಡಲೂ ಇಲ್ಲ. ಊಟಕ್ಕೆ ಕೂತಾಗ ಮಾಳಮ್ಮನಿಗೆ ನೀನೇ ತುತ್ತು ಮಾಡಿ ಹಾಕಿದೆ. "ಇಷ್ಟು ಮುದ್ದು ಮಾಡಬ್ಯಾಡಕ್ಕಾ, ನಾಕು ವರ್ಷದಾಕಿ, ಊರಿಗಿ ಹೋದಮ್ಯಾಲ ನನ್ನ ಕೈಲಿ ಉಣ್ಣಂಗಿಲ್ಲ" ಎಂದೆ. ನೀನು ನಕ್ಕೆ. ನಿನ್ನ ಯಜಮಾನರು ರಂಗಣ್ಣ ಮಾಮನೂ ನಕ್ಕರು. ಆಮೇಲೆ ನಮ್ಮ ಅಯ್ಯಪ್ಪ ಮನೆಯೊಳಗೆ ಬುಗುರಿ ಬೀಸಲು ಹೋಗಿ ನಿಮ್ಮ ಬೀರುವಿನ ಕನ್ನಡಿ ಒಡೆದ.

ಬಯ್ಯುವ ಬದಲು ನೀನು ಕಸಬರಿಗೆ ತಂದೆ. ಚೂರು ಬಳಿದೆ, ದೇವರ ಮುಂದೆ ದೀಪ ಹಚ್ಚಿದೆ, ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಬಟ್ಟೆ, ಒಂದೂ ಕಡಿಮೆ ಮಾಡಲಿಲ್ಲ. ಆದರೆ ಆಟೋ ಬಂದು, ನಾನು ಮಾಳಮ್ಮನನ್ನು ಎತ್ತಿಕೊಂಡು ಹೊರಟರೆ ನೀನು ಬಾಗಿಲಿಗೂ ಬರಲಿಲ್ಲ. ಗೌಲಿಗುಡಾ ಬಸ್ ಸ್ಟ್ಯಾಂಡಿನವರೆಗೆ ಬಂದು, ಕಿಟಕಿ ಹಿಡಿದು ಅಳುತ್ತೀ ಎಂದುಕೊಂಡಿದ್ದೆ. ಒಂದು ಕನ್ನಡಿಗೆ ಇಷ್ಟು ಸಿಟ್ಟೇ? ಅವ್ವ ಹೋದ ಮೇಲೆ ವನದುರ್ಗದಲ್ಲಿ ನಿನ್ನ ಸೊಂಟದ ಮೇಲೆ ಬೆಳೆಯುವಾಗ ನಾನು ಎಷ್ಟು ಗಡಿಗೆ ಒಡೆದಿಲ್ಲ? ಬಯ್ದುಬಿಡು, ಮುಗಿದು ಹೋಗಲಿ.

ನಿನ್ನ ದೇವಕಮ್ಮ

*

ಹೈದರಾಬಾದ್, 8 ನವೆಂಬರ್ 1989

ದೇವಕಮ್ಮನಿಗೆ,

ಕಾಗದ ಬಂತು. ಊರು ಮುಟ್ಟಿದ್ದು ತಿಳಿಯಿತು. ಕನ್ನಡಿ ಹಾಕಿಸಿದ್ದಾಗಿದೆ, ಅದರ ಮಾತು ಬೇಡ. ನಿಮ್ಮ ಮಾಮ ಹೊಸ ಬಿಲ್ಡಿಂಗಿನ ಮೇಸ್ತ್ರಿ ಕೆಲಸ ಹಿಡಿದಿದ್ದಾರೆ, ಮನೆಯಲ್ಲಿ ಇರುವುದು ಕಡಿಮೆ. ಅವರ ಅವ್ವ, ನಮ್ಮ ಅತ್ತಿ, ಸುರಪುರದಿಂದ ಬಂದು ಇಲ್ಲೇ ಇದ್ದಾರೆ.

ಶಹಾಪುರಕ್ಕೆ ಹೋಗುವ ಬಾಷುಮಿಯಾನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಮಾಳಮ್ಮನವು. ಇಲ್ಲಿ ಇಟ್ಟುಕೊಂಡು ನಾನೇನು ಮಾಡಲಿ.

ಅಮೃತಮ್ಮ

*

ಗೋಗಿ, 21 ನವೆಂಬರ್ 1989

ಅಕ್ಕಾ,

ಗಂಟು ಬಂತು. ಬಾಷುಮಿಯಾ ಬಸ್ ಸ್ಟ್ಯಾಂಡಿನಿಂದ ತಾನೇ ಹೊತ್ತುಕೊಂಡು ಬಂದು, ಚಹಾ ಕುಡಿದು ಹೋದ. ಬಿಚ್ಚಿ ನೋಡಿದರೆ ಒಂದೂ ನಾವು ಬಿಟ್ಟು ಬಂದದ್ದಲ್ಲ. ಅಂಗಡಿಯ ಮಡಿಕೆ ಬಿಡದ ಹೊಸ ಫ್ರಾಕು, ಸ್ಲೇಟು, ಸಣ್ಣ ಕಂಬಳಿ, ಮಕ್ಕಳು ಹಾಕುವ ಬಿಳೀ ಬೂಟು. ಫ್ರಾಕು ಎರಡು ಈಗ ಸರಿಯಾಗುತ್ತವೆ, ಎರಡು ಬರುವ ವರ್ಷಕ್ಕೆ. ಬರುವ ವರ್ಷದ ಬಟ್ಟೆ ಈಗಲೇ ತರುವವರನ್ನು ನಾನು ನಿನ್ನೊಬ್ಬಳನ್ನೇ ಕಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗಾಯಿತು ನಿನ್ನದು! ಸುಂದ್ರಮ್ಮ ಮತ್ತೆ ಮುಖ ಊದಿಸಿಕೊಂಡಳು. ಅವಳಿಗೂ ಒಂದು ರಿಬ್ಬನ್ನಾದರೂ ಹಾಕಬಾರದಿತ್ತೇ? ತಮಾಷೆಗೆ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇವರು ಗಂಟನ್ನು ನೋಡಿದರು, ಮುಟ್ಟಲಿಲ್ಲ. ಸಲಿಕೆ ಹೆಗಲ ಮೇಲಿಟ್ಟುಕೊಂಡು ಹೊಲಕ್ಕೆ ಹೋದರು. ಈಗ ಕಾಲುವೆ ನೀರು ನಮ್ಮ ಹೊಲದ ತನಕ ಬರುತ್ತದೆ. ಪಾಳಿ ಬಂದ ದಿನ ಕಾಯಬೇಕು, ಇಲ್ಲದಿದ್ದರೆ ಮೇಲಿನ ಹೊಲದವರು ತಿರುಗಿಸಿಕೊಳ್ಳುತ್ತಾರೆ. ಆದರೆ ಆ ದಿನ ನಮ್ಮ ಪಾಳಿ ಇರಲಿಲ್ಲ. ಯಾಕೆ ಹೋದರೋ.

ಮಾಳಮ್ಮ ಬಿಳೀ ಬೂಟು ಹಾಕಿಕೊಂಡು ನನ್ನ ಜೊತೆ ಅಂಗನವಾಡಿಗೆ ಬಂದಳು. ಕೆಸರಿನಲ್ಲಿ ಕಾಲಿಟ್ಟು, "ದೊಡ್ಡವ್ವ ಬೈತಾಳ" ಎಂದು ಅಳಲು ಶುರು ಮಾಡಿದಳು. ನಾನು ಬಯ್ದರೆ ಕಿವಿಯ ಮೇಲೆ ಹಾಕಿಕೊಳ್ಳದವಳು ನೋಡು! ಸಂಕ್ರಾಂತಿಗೆ ನೀನೂ ಮಾಮನೂ ಬನ್ನಿರಿ. ನಮ್ಮದೇ ಹೊಲದ ಭತ್ತದ ಅನ್ನ ಉಣ್ಣುವಿರಂತೆ. ಆ ಕನ್ನಡಿಯ ಸಿಟ್ಟು ಇನ್ನೂ ಇದ್ದರೆ ಅದನ್ನೂ ಜೊತೆಗೆ ಕರೆದುಕೊಂಡು ಬಾ.

ದೇವಕಮ್ಮ

*

ಹೈದರಾಬಾದ್, 3 ಡಿಸೆಂಬರ್ 1989

ದೇವಕಮ್ಮ,

ಇನ್ನೊಮ್ಮೆ ಕನ್ನಡಿ, ಕುಲಾವಿ ಎಂದು ಬರೆದರೆ ಕಾಗದವನ್ನು ಒಡೆಯದೆ ಒಲೆಗೆ ಹಾಕುತ್ತೇನೆ. ಏನೂ ಗೊತ್ತಿಲ್ಲದವಳ ಹಾಗೆ ಬರೆಯುವುದು ಸಾಕು ಮಾಡು.

ಯುಗಾದಿಗೆ ನಿಮ್ಮ ಮಾಮ ಊರ ಕಡೆ ಬಂದಾಗ ನಮಗೆ ಮಕ್ಕಳಿಲ್ಲವೆಂದು ಒಂದು ಕೂಸು ಕೊಡಲು ನಿನ್ನ ಗಂಡ ಅಂಬ್ರಪ್ಪನನ್ನು ಕೇಳಿದರು. ಅಂಬ್ರಪ್ಪ ಒಪ್ಪಿದ. ದಸರಾಕ್ಕೆ ನೀವೆಲ್ಲ ಬರುವುದು, ಕೂಸಿಗೆ ಮನೆ ರೂಢಿಯಾಗುವ ತನಕ ಇರುವುದು, ಕೊನೆಯ ದಿನ ಮಾಳಮ್ಮನನ್ನು ನನ್ನ ಉಡಿಯಲ್ಲಿ ಹಾಕಿ ಹೋಗುವುದು. ಇಷ್ಟು ಮಾತಾಗಿತ್ತು. "ದೇವಕಮ್ಮ ಏನಂತಾಳ?" ಎಂದು ನಾನು ನಿಮ್ಮ ಮಾಮನನ್ನು ಕೇಳಿದೆ. "ಆಕಿ ಒಪ್ಯಾಳ. ನೀ ಆ ಮಾತು ತೆಗೀಬ್ಯಾಡ, ತೆಗದ್ರ ಅಳತಾಳ" ಎಂದರು. ಅದಕ್ಕೇ ನೀನು ಇದ್ದಷ್ಟು ದಿನವೂ ನಾನು ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ. ಎದೆ ಗಟ್ಟಿ ಮಾಡಿಕೊಂಡಿದ್ದಾಳೆ, ಪಾಪ, ಎಂದುಕೊಂಡೆ. ನಿನಗೆ ಇಷ್ಟವಾದ ಎಳೆಯ ಪುಂಡಿಪಲ್ಯದ ಸೊಪ್ಪು ಹುಡುಕಲು ಎರಡು ಮಾರ್ಕೆಟ್ಟು ತಿರುಗಿದೆ.

ಕೊನೆಯ ದಿನ ನೀನು ಮಣೆಯ ಮೇಲೆ ಕೂತೆ. ಮಾಳಮ್ಮ ನಿನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಾನು ತಲೆಯ ಮೇಲೆ ಸೆರಗು ಹೊದ್ದು ಎದುರಿಗೆ ಕೂತೆ. ನೀನು ಕೂಸನ್ನು ಎರಡೂ ಕೈಯಿಂದ ಎತ್ತಿ ನನ್ನ ಸೆರಗಿನಲ್ಲಿ ಹಾಕಿದೆ. "ಹಿಡಿಯಕ್ಕಾ" ಎಂದೆ. ಕರೆಮ್ಮತ್ತಿ ತನ್ನ ಮಗನನ್ನು ದ್ಯಾವಪ್ಪ ಕಾಕನ ಮನೆಗೆ ಹೀಗೇ ದತ್ತು ಕೊಟ್ಟದ್ದನ್ನು ನಾವಿಬ್ಬರೂ ಕಂಡಿದ್ದೇವೆ. ದೀಪದ ಮುಂದೆ, ಹೆತ್ತವಳ ಕೈಯಿಂದ, ಇನ್ನೊಬ್ಬಳ ಸೆರಗಿಗೆ. ಅಷ್ಟಾದರೆ ಆಯಿತು, ಬೇರೆ ಮಾತು ಬೇಕಿಲ್ಲ. ನಿನ್ನ ಕಣ್ಣಲ್ಲಿ ನೀರಿತ್ತು. ನಾನು ಒಂದು ಕೈಯಲ್ಲಿ ಕೂಸು ಹಿಡಿದುಕೊಂಡು ಇನ್ನೊಂದು ಕೈಯಿಂದ ನಿನ್ನ ಉಡಿ ತುಂಬಿದೆ.

ಆಟೋ ಬಂತು. ನೀನು ಎದ್ದು ಉಡಿ ಕಟ್ಟಿಕೊಂಡು, ಬಗ್ಗಿ ಮಾಳಮ್ಮನನ್ನು ಎತ್ತಿಕೊಂಡೆ. ಹೋಗುವ ಮುಂಚೆ ಒಮ್ಮೆ ಎತ್ತಿಕೊಳ್ಳಲಿ ಎಂದು ನಾನೇ ಕೈ ಸಡಿಲ ಬಿಟ್ಟೆ. ನೀನು ಹೊರಗೆ ಹೋದೆ. ಆಟೋ ಹೊರಟಿತು. ನಾನು ಸೆರಗು ಹಿಡಿದುಕೊಂಡು ಹಾಗೇ ಕೂತಿದ್ದೆ.

ಕೊಡಲು ಮನಸ್ಸಿಲ್ಲದಿದ್ದರೆ ಹಾಕಬಾರದಿತ್ತು. ಕೊಟ್ಟು ಕಸಿದುಕೊಳ್ಳುವುದನ್ನು ಯಾರಿಂದ ಕಲಿತೆ? ನಾನಂತೂ ಕಲಿಸಿರಲಿಲ್ಲ. ಈಗ ನನಗೆ ಅಳು ಬರುವುದಿಲ್ಲ, ಸಿಟ್ಟೂ ಇಲ್ಲ. ಅಡುಗೆ ಮಾಡುತ್ತೇನೆ, ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುವುದಿಲ್ಲ. ಉಂಡರೂ ತಿಳಿಯುವುದಿಲ್ಲ.

ಅಮೃತಮ್ಮ

*

ಗೋಗಿ, 14 ಡಿಸೆಂಬರ್ 1989

ಅಕ್ಕಾ,

ನಿನ್ನ ಕಾಗದವನ್ನು ಅಂಗನವಾಡಿಯಲ್ಲಿ ಓದಿದೆ. ಮಕ್ಕಳು ಉಪ್ಪಿಟ್ಟಿಗೆ ತಟ್ಟೆ ಹಿಡಿದು ನಿಂತಿದ್ದರು. ಎಲ್ಲರಿಗೂ ಹಾಕಿದೆ, ಪಾತ್ರೆ ತೊಳೆದೆ, ಬೀಗ ಹಾಕಿದೆ. ಎಲ್ಲಾ ಸರಿಯಾಗಿಯೇ ಮಾಡಿದ್ದೇನೆ, ಆದರೆ ಮಾಡಿದವಳು ನಾನೇ ಎಂದು ಅನಿಸುವುದಿಲ್ಲ. ಅಲ್ಲಿಂದ ನೇರ ಹೊಲಕ್ಕೆ ಹೋದೆ. ಇವರು ಕಾಲುವೆಯ ಮೇಲೆ ನೀರು ಕಾಯುತ್ತ ನಿಂತಿದ್ದರು.

"ಮಾಳಮ್ಮನ್ನ ಕೊಡತೀನಂತ ಹೇಳಿದ್ರೇನು?"

"ರಂಗಣ್ಣ ಕೇಳ್ದ. ಹ್ಞೂಂ ಅಂದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೈದ್ರಾಬಾದಿಗಿ ಬರ್ತಿದ್ದೇನು? ಅಲ್ಲಿ ಹೋಗಿ, ಮನಿ ನೋಡಿ, ಅಕ್ಕ ಮುದ್ದು ಮಾಡೂದು ನೋಡಿ, ನಿನ್ನ ಮನಸ್ಸು ತಾನ ಆಗ್ತದ ಅಂದ್ಕೊಂಡೆ. ಕಡೀ ದಿನ ಹೇಳಬೇಕಂದ್ರ ಬಾಯಿ ಬರಲಿಲ್ಲ. ಅಷ್ಟರಾಗ ನೀನ ಆಕಿನ್ನ ಉಡಿಯಾಗ ಹಾಕಿದಿ. ಅಕ್ಕ ಎಲ್ಲಾ ಹೇಳ್ಯಾಳ, ನೀ ಒಪ್ಪೀದಿ ಅಂದ್ಕೊಂಡೆ."

"ಮತ್ತ ನಾ ಎತ್ಕೊಂಡು ಆಟೋದಾಗ ಕುಂತಾಗ?"

"ನಿಮ್ಮಕ್ಕನಽ ಬ್ಯಾಡ ಅಂದಿರಬೇಕು ಅಂದ್ಕೊಂಡೆ."

ಅಷ್ಟರಲ್ಲಿ ನೀರು ಬಂತು. ಇವರು ಬಗ್ಗಿ ಬದುವಿನ ಬಾಯಿ ತೆಗೆದರು. ನಾನು ಬಯ್ಯಬೇಕಿತ್ತು. ನನ್ನ ಬಾಯಿ ನಿನಗೆ ಗೊತ್ತಿದೆ, ಊರಿಗೇ ಗೊತ್ತಿದೆ. ಬಯ್ಯದೆ ಗದ್ದೆಯೊಳಗಿಂದಲೇ ಮನೆಗೆ ನಡೆದೆ. ಕೆಸರಿನಲ್ಲಿ ಕಾಲು ಹೂತಿದ್ದು ಕೂಡ ಮನೆಗೆ ಬಂದ ಮೇಲೆ ಕಂಡಿತು.

ಈಗ ನನ್ನ ಮಾತು ಕೇಳು. ಉಡಿ ತುಂಬಿಸಿಕೊಳ್ಳಬೇಕಾದರೆ ತೊಡೆ ಖಾಲಿ ಇರಬೇಕಲ್ಲ, ಅಕ್ಕಾ. ಕೂಸು ನಿದ್ದೆಯಲ್ಲಿತ್ತು. ನೆಲದ ಮೇಲೆ ಮಲಗಿಸೋಣವೆಂದರೆ ಕನ್ನಡಿ ಚೂರಿನ ಹೆದರಿಕೆ. ನೀನು ಎದುರಿಗೇ ಕೂತಿದ್ದೆ, ನಿನ್ನ ಸೆರಗಿನಲ್ಲಿ ಹಾಕಿದೆ. ಕರೆಮ್ಮತ್ತಿ ನನ್ನ ನೆನಪಿನಲ್ಲೇ ಇರಲಿಲ್ಲ. ಕಣ್ಣೀರು ಬಂದದ್ದು ನಿನ್ನನ್ನು ಬಿಟ್ಟು ಬರುವುದಕ್ಕೆ. ನಾನು ಕೊಟ್ಟೂ ಇಲ್ಲ, ಕಸಿದೂ ಇಲ್ಲ. ನನಗೆ ಗೊತ್ತೇ ಇರಲಿಲ್ಲ.

ಮಾಮ ಕೇಳಿದರು, ಇವರು ಹ್ಞೂಂ ಅಂದರು, ನೀನು ಬೂಟು ತಂದೆ. ಹೆತ್ತವಳನ್ನು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲವಲ್ಲ, ಅದೊಂದನ್ನು ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಒಂದೇ ಒಲೆಯ ಮುಂದೆ ದಿನವೂ ಕೂತಿದ್ದೆವು. ಗಂಡಸರ ಮಾತು ಬಿಡು. ಬೇಕಾದರೆ ನೀನೇ ಕೇಳು, ಬಾಯಿಬಿಟ್ಟು ಕೇಳು. ನಾನು ಬಾಯಿಬಿಟ್ಟು ಉತ್ತರ ಕೊಡುತ್ತೇನೆ.

ದೇವಕಮ್ಮ

*

ಹೈದರಾಬಾದ್, 30 ಡಿಸೆಂಬರ್ 1989

ದೇವಕಮ್ಮ,

ನಿನ್ನ ಕಾಗದ ಓದಿದೆ. ನಿನಗೆ ಗೊತ್ತಿರಲಿಲ್ಲ ಎನ್ನುವುದನ್ನು ನಂಬುತ್ತೇನೆ. ಆ ಕಾಗದದಲ್ಲಿ ನಾನು ಬಯ್ದದ್ದನ್ನು ಮರೆತುಬಿಡು.

ಈಗ ಕೇಳುತ್ತಿದ್ದೇನೆ. ಮಾಳಮ್ಮನನ್ನು ನನಗೆ ಕೊಡುತ್ತೀಯಾ?

ಓದಿಸುತ್ತೇನೆ. ನಿನ್ನನ್ನೇ ಅವ್ವ ಅನ್ನಲಿ, ನನ್ನನ್ನು ದೊಡ್ಡವ್ವ ಅಂದರೆ ಸಾಕು. ಬೇಸಿಗೆಗೆ, ದಸರಾಕ್ಕೆ ಕಳಿಸುತ್ತೇನೆ. ನಿನ್ನನ್ನು ಬೆಳೆಸಿದ ಮಾತನ್ನು ಇಲ್ಲಿ ತರುವುದಿಲ್ಲ, ನೀನೂ ತರಬೇಡ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನನಗೆ ಕೂಸು ಬೇಕು, ಅದಕ್ಕೆ ಕೇಳುತ್ತಿದ್ದೇನೆ. ಬೇರೆ ಕಾರಣ ಏನೂ ಇಲ್ಲ. ನಿನ್ನ ಮನಸ್ಸಿನಲ್ಲಿ ಇರುವುದನ್ನೇ ಬರೆ.

ಅಮೃತಮ್ಮ

*

ಗೋಗಿ, 11 ಜನವರಿ 1990

ಅಕ್ಕಾ,

ಕೊಡುವುದಿಲ್ಲ.

ಈ ಒಂದು ಮಾತು ಬರೆದು ಕಾಗದ ಮಡಿಚಿಟ್ಟಿದ್ದೆ. ಮತ್ತೆ ಬಿಚ್ಚಿದೆ. ಬರೀ ಅಷ್ಟನ್ನೇ ನಿನಗೆ ಕಳಿಸಲು ಆಗಲಿಲ್ಲ.

ಮೂರರಲ್ಲಿ ಒಂದು ಕೊಟ್ಟರೆ ಏನು ಕಡಿಮೆಯಾಗುತ್ತದೆ ಎಂದು ಊರವರು ಕೇಳಬಹುದು. ಅಕ್ಕನೇನು ಬೇರೆಯವಳೇ, ಹುಡುಗಿ ಶಹರದಲ್ಲಿ ಓದುತ್ತಾಳೆ, ಗೋಗಿಯಲ್ಲಿದ್ದು ಏನು ಮಾಡುತ್ತಾಳೆ, ಇದನ್ನೆಲ್ಲ ನಾನೂ ನನಗೆ ಹೇಳಿಕೊಂಡು ನೋಡಿದೆ. ಎಲ್ಲಾ ಖರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅದೂ ಖರೆ. ಆದರೆ ಮಾಳಮ್ಮ ಉಣ್ಣುವಾಗ ನನ್ನ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡೇ ಉಣ್ಣುತ್ತಾಳೆ. ನಾನು ಎದ್ದರೆ ತಟ್ಟೆ ಬಿಟ್ಟು ಅವಳೂ ಏಳುತ್ತಾಳೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಅವಳಿಲ್ಲದ ಮನೆಯಲ್ಲಿ ನಾನು ರೊಟ್ಟಿ ಬಡಿಯಲಾರೆ.

ನಿನಗೆ ನೋವಾಗುತ್ತದೆ ಎಂದು ಗೊತ್ತಿದೆ. ಗೊತ್ತಿದ್ದೂ ಇಲ್ಲ ಅನ್ನುತ್ತಿದ್ದೇನೆ. ಬೇರೆ ಕಾರಣ ಏನೂ ಇಲ್ಲ ಎಂದು ನೀನು ಬರೆದೆಯಲ್ಲ, ಅದರಿಂದಲೇ ನನಗೆ ಇಷ್ಟು ನೆಟ್ಟಗೆ ಬರೆಯುವ ಧೈರ್ಯ ಬಂತು. ಸಂಕ್ರಾಂತಿಗೆ ಬಾ ಎಂದು ಕರೆಯಲು ಈಗ ನನಗೆ ಮುಖವಿಲ್ಲ. ಬಂದರೆ ಬಾಗಿಲು ತೆರೆದೇ ಇದೆ.

ದೇವಕಮ್ಮ

*

ಹೈದರಾಬಾದ್, 27 ಜನವರಿ 1990

ದೇವಕಮ್ಮ,

ಕಾಗದ ಬಂತು. ನೀನು ಬರೆದದ್ದು ಒಳ್ಳೆಯದಾಯಿತು. ಈಗ ಇಬ್ಬರಿಗೂ ಗೊತ್ತು. ಸಂಕ್ರಾಂತಿಗೆ ಬರಲಾಗಲಿಲ್ಲ, ಮನೆಯಲ್ಲಿ ಜನ ಇದ್ದಾರೆ. ಮಕ್ಕಳಿಗೆ ಆಶೀರ್ವಾದ. ಸುಂದ್ರಮ್ಮನಿಗೆ ರಿಬ್ಬನ್ ಇಟ್ಟಿದ್ದೇನೆ, ಯಾರಾದರೂ ಬಂದರೆ ಕಳಿಸುತ್ತೇನೆ.

ಅಮೃತಮ್ಮ

*

ಗೋಗಿ, 17 ಮಾರ್ಚ್ 1990

ಅಕ್ಕಾ,

ನಿನ್ನೆ ಬಳೆಗಾರ್ತಿ ಮಸ್ತಾನಬಿ ಬಂದಿದ್ದಳು. ಸುಂದ್ರಮ್ಮನ ಕೈ ಹಿಡಿದು ಬಳೆ ಏರಿಸುತ್ತ, ಹವಾಮಾನದ ಮಾತು ಆಡಿದ ಹಾಗೆ ಆಡಿದಳು: "ಸುರಪುರದಾಗ ನಿಮ್ಮ ರಂಗಣ್ಣನ ಮನಿಗಿ ಹಸರ ಬಳಿ ಕೊಟ್ಟು ಬಂದೀನವ್ವ. ಹುಣಸಗಿ ಹೆಣ್ಣಂತ. ಯುಗಾದಿ ಆದಮ್ಯಾಲ ಅಕ್ಕಿಕಾಳು ಹಾಕಿ ಲಗ್ನ ಮಾಡ್ತಾರಂತ. ಸಂಕ್ರಾಂತಿ ತನಕ ಮನಿಗಿ ಕೂಸು ಬರಲಿಲ್ಲಂದ್ರ ಎರಡನೇ ಹೆಂಡ್ತಿ ತರೂದಂತ ಹ್ವಾದ ಯುಗಾದಿಗೇ ಮಾತಾಗಿತ್ತಂತಲ್ಲ. ನಿಂಗ ಗೊತ್ತಿಲ್ಲೇನು?"

ಹೋದ ಯುಗಾದಿಗೆ. ಅಂದರೆ ಮಾಮ ಬಂದು ಇವರನ್ನು ಕೇಳಿದ್ದು ಅದಕ್ಕೇ. ನೀನು ಬಳೆ ಇಡಿಸಿದ್ದು, ಬೂಟು ತಂದದ್ದು, ಸೆರಗು ಹಿಡಿದು ಕೂತದ್ದು, ಎಲ್ಲಾ ಅದು ಗೊತ್ತಿದ್ದೇ. ಬಾಯಿಬಿಟ್ಟು ಕೇಳು ಎಂದು ನಾನು ಜಂಬದಿಂದ ಬರೆದಾಗ ನಿನ್ನ ಅತ್ತಿ ನಿನ್ನ ಮನೆಯಲ್ಲೇ ಕೂತು ದಿನ ಎಣಿಸುತ್ತಿದ್ದರು. ಇವರನ್ನು ಕೇಳಿದೆ. "ಗೊತ್ತಿತ್ತು. ಅದಕ್ಕಽ ಹ್ಞೂಂ ಅಂದಿದ್ದೆ" ಎಂದರು. "ನನಗ ಇಷ್ಟಾದಮ್ಯಾಲರೆ ಹೇಳಬಾರದಿತ್ತೇನು?" ಎಂದೆ. "ನಿಮ್ಮಕ್ಕ ಕಾಗದದಾಗ ಬರದಿರ್ತಾಳ ಅಂದ್ಕೊಂಡೆ" ಎಂದರು. ಈ ಮನುಷ್ಯ ಅಂದುಕೊಂಡೇ ಸಂಸಾರ ಮಾಡುತ್ತಾನೆ, ಅಕ್ಕಾ. ಇವರನ್ನು ಏನೆನ್ನಲಿ?

ನಿನ್ನನ್ನು ಕೇಳುತ್ತೇನೆ. ನೀನ್ಯಾಕೆ ಬರೆಯಲಿಲ್ಲ? ಬೇರೆ ಕಾರಣ ಏನೂ ಇಲ್ಲ ಎಂದು ಯಾಕೆ ಬರೆದೆ? ಒಂದು ಸಾಲು ಬರೆದಿದ್ದರೆ ನಾನು ಆ ದಿನವೇ ಬಸ್ಸು ಹತ್ತುತ್ತಿದ್ದೆ. ನಿನ್ನ ಮನೆಗೆ ಇನ್ನೊಬ್ಬಳು ಬರುವುದನ್ನು ತಡೆಯುವುದು ನನ್ನ ಕೈಯಲ್ಲಿತ್ತು. ನಾನು ಸೆರಗಿನ ಚುಂಗಿನ ಕಥೆ ಬರೆಯುತ್ತ ಕೂತಿದ್ದೆ.

ಯುಗಾದಿಗೆ ಇನ್ನೂ ಹೊತ್ತಿದೆ. ಮಾಳಮ್ಮನ ಬಟ್ಟೆ ಚೀಲಕ್ಕೆ ತುಂಬಿ ಇಟ್ಟಿದ್ದೇನೆ. ಎಲ್ಲಿಗೆ ಎಂದು ಕೇಳಿದಳು, ದೊಡ್ಡವ್ವನ ಮನೆಗೆ ಎಂದೆ. ಕುಣಿದಳು. ನನಗೆ ಏನೂ ಅನಿಸಲಿಲ್ಲ, ಅನಿಸುವುದಕ್ಕೆ ಬಿಡಲೂ ಇಲ್ಲ. ಒಂದು ಸಾಲು ಬರೆ. ಕರೆದುಕೊಂಡು ಬಂದು, ಈ ಸಲ ಗೊತ್ತಿದ್ದೇ ನಿನ್ನ ಉಡಿಯಲ್ಲಿ ಹಾಕಿ ಹೋಗುತ್ತೇನೆ.

ದೇವಕಮ್ಮ

*

ಹೈದರಾಬಾದ್, 22 ಮಾರ್ಚ್ 1990

ದೇವಕಮ್ಮ,

ಚೀಲ ಬಿಚ್ಚಿ ಬಟ್ಟೆ ಪೆಟ್ಟಿಗೆಯಲ್ಲಿ ಇಡು.

ನಿನ್ನನ್ನು ಕೇಳಿ ಕಾಗದ ಬರೆದ ದಿನ ಅತ್ತಿ ನನ್ನ ಪಕ್ಕದಲ್ಲೇ ಕೂತಿದ್ದರು. "ಎರಡನೇ ಹೆಣ್ಣಿನ ಮಾತೂ ಬರಿ. ಅದು ಬರದ್ರ ನಿನ್ನ ತಂಗಿ ತಾನ ತಂದು ಬಿಡತಾಳ" ಎಂದರು. ಬರೆದೆ ಎಂದು ಹೇಳಿ, ಬರೆಯದೆ ಅಂಟು ಹಚ್ಚಿದೆ. ಅವರಿಗೆ ಓದಲು ಬರುವುದಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಬರೆದಿದ್ದರೆ ನೀನು ತಂದು ಬಿಡುತ್ತಿದ್ದೆ. ಎದುರಿಗಿದ್ದವರು ಅತ್ತರೆ ಕೈಯಲ್ಲಿದ್ದ ರೊಟ್ಟಿ ಕೊಟ್ಟು, ಆಮೇಲೆ ಹಸಿದು ಅಳುವವಳು ನೀನು. ಸಣ್ಣಂದಿನಿಂದ ನೋಡಿದ್ದೇನೆ. ನೀನು ಕೇಳು ಎಂದೆ, ನಾನು ಕೇಳಿದೆ. ಆ ಮಾತು ಸೇರಿಸಿ ಕೇಳಿದ್ದರೆ ಅದು ಕೇಳಿದ ಹಾಗೆ ಆಗುತ್ತಿರಲಿಲ್ಲ, ಗಂಡಸರು ಮಾಡಿದ್ದನ್ನೇ ನಾನೂ ಮಾಡಿದ ಹಾಗೆ ಆಗುತ್ತಿತ್ತು. ನೀನು ಮನಸ್ಸಿನಲ್ಲಿ ಇದ್ದದ್ದನ್ನು ಬರೆದೆ. ಈಗ ಅದನ್ನು ತಿದ್ದಬೇಡ.

ಅವಳು ಬಂದರೂ ನನ್ನನ್ನು ಮನೆ ಬಿಡಿಸುವುದಿಲ್ಲ ಎಂದು ನಿಮ್ಮ ಮಾಮ ಹೇಳಿದ್ದಾರೆ. ಹಿಂದಿನ ಖೋಲಿಗೆ ನನ್ನ ಹಾಸಿಗೆ ಹಾಕಿಕೊಂಡಿದ್ದೇನೆ. ನೋವಾಗುತ್ತದೆಯೋ ಎಂದು ನೋಡಿಕೊಂಡೆ, ಇನ್ನೂ ಆಗಿಲ್ಲ. ಮುಂದೆ ಆದೀತು.

ಅಕ್ಕನ ಮನಸ್ಸು ದೊಡ್ಡದು ಎಂದು ಊರಲ್ಲಿ ಹೇಳಿಕೊಂಡು ತಿರುಗಬೇಡ. ಅಷ್ಟು ದೊಡ್ಡದಿಲ್ಲ. ಮಾಳಮ್ಮ ನನಗೆ ಆವತ್ತೂ ಬೇಕಿತ್ತು, ಈಗಲೂ ಬೇಕು. ನೀನು ಅವಳನ್ನು ಕರೆದುಕೊಂಡು ಈ ಬಾಗಿಲಿಗೆ ಬಂದರೆ ನಾನು ಬೇಡ ಅನ್ನುವುದಿಲ್ಲ, ಇಟ್ಟುಕೊಂಡುಬಿಡುತ್ತೇನೆ.

ಬರಬೇಡ.

ಅಮೃತಮ್ಮ